ಕಫ ಅನ್ನೋ ಶ್ಲೇಷೆ

ಭಾಗ 1/7

ಫೋಟೊದಲ್ಲಿರೋದು ಬರೀ ಒಂದು ಖಾಲಿ ಪ್ಲಾಸ್ಟಿಕ್ ಡಬ್ಬಿ. ಅಗಲ ಬಾಯಿ, ತಿರುಗಿಸೋ ಮುಚ್ಚಳ. ಲ್ಯಾಬ್ ಪೋಸ್ಟಿಂಗ್ ಮಾಡಿರೋ ನನ್ನ ಕ್ಲಾಸ್‌ಮೇಟ್‌ಗಳಿಗೆ ನೋಡಿದ ತಕ್ಷಣ ಗೊತ್ತಾಗುತ್ತೆ. ಉಳಿದವರಿಗೆ ಹೇಳ್ತೀನಿ, ಇದು ಕಫ ಹಿಡಿಯೋ ಡಬ್ಬಿ. ಛೀ ಅಂತ ಮುಂದಕ್ಕೆ ಹೋಗ್ಬೇಡಿ. ಈ ಏಳು ಪೋಸ್ಟ್ ಬರೀತಿರೋದೇ ಆ ‘ಛೀ’ ವಿರುದ್ಧ, ಮತ್ತೆ ‘ಕಫ’ ಅನ್ನೋ ಒಂದು ಪದದ ಹೆಸರಲ್ಲಿ ನಡೀತಿರೋ ಗೊಂದಲದ ವಿರುದ್ಧ.

ಹೋದ ದೀಪಾವಳಿ ಹೊತ್ತಿಗೆ ನಮ್ಮ ದೊಡ್ಡಪ್ಪನಿಗೆ ಕೆಮ್ಮು ಶುರುವಾಯ್ತು. “ಅವನದ್ದು ಕಫದ ದೇಹ, ಚಳಿ ಬಿತ್ತು ಅಂದ್ರೆ ಹಿಂಗೇ” ಅಂದ್ರು ಅಜ್ಜಿ. ಅತ್ತಿಗೆ ಫೋನಲ್ಲಿ ಒಂದು ರೀಲ್ ತೋರಿಸಿದ್ರು: ಮೊಸರು ಬಿಡಿ, ಬಾಳೆಹಣ್ಣು ಬಿಡಿ, ಈ ಕಷಾಯ 7 ದಿನ ಕುಡೀರಿ, ಕಫ ಬೇರು ಸಮೇತ ಹೋಗುತ್ತೆ. ದೊಡ್ಡಪ್ಪ 7 ದಿನ ಅಲ್ಲ, 7 ವಾರ ಕುಡಿದ್ರು. ಸಂಕ್ರಾಂತಿಗೆ ಹಾಕ್ಕೊಂಡ ಅಂಗಿ ಹ್ಯಾಂಗರಿಗೆ ನೇತು ಹಾಕಿದಂಗಿತ್ತು. ಆಮೇಲೆ ಒಂದು ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಡಬ್ಬಿ ಕೈಗೆ ಕೊಟ್ಟವರು “ಇದರಲ್ಲಿ ಉಗುಳಿ ಕೊಡಿ” ಅಂದ್ರು. ದೊಡ್ಡಪ್ಪ ಹೇಳಿದ ಮಾತು ಮೀರೋರಲ್ಲ, ಉಗುಳೇ ಕೊಟ್ರು. ರಿಪೋರ್ಟ್ ನೆಗೆಟಿವ್.

ಶಿವರಾತ್ರಿ ಕಳೆದ ಮೇಲೆ ಕೆಮ್ಮಿದಾಗ ರಕ್ತ ಕಾಣಿಸ್ತು. ಎರಡನೇ ಡಬ್ಬಿ. ಈ ಸಲ ಎದೆಯಿಂದ ಬಂದ ಕಫ. ರಿಪೋರ್ಟ್ ಪಾಸಿಟಿವ್, ಟಿಬಿ. ಮನೇಲಿರೋ ಮೂರು ವರ್ಷದ ಮಗೂನೂ ಪರೀಕ್ಷೆ ಮಾಡಿಸಿ ಮುನ್ನೆಚ್ಚರಿಕೆ ಮಾತ್ರೆ ಶುರು ಮಾಡ್ಬೇಕಾಯ್ತು.

ಮೊದಲು ‘ಕಫ’ ಅನ್ನೋ ಪದ ನಮ್ಮನ್ನ ತಡೀತು. ಆಮೇಲೆ ‘ಉಗುಳು’ ಅನ್ನೋ ಪದ ದಾರಿ ತಪ್ಪಿಸ್ತು. ಪದ ಅಷ್ಟೇ ತಾನೆ ಅನ್ನೋರಿಗೆ ಮುಂದಿನ ಆರು ಭಾಗ.

ಭಾಗ 2/7

ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಅಲಂಕಾರಗಳ ಪಾಠ ನೆನಪಿದೆಯಾ? ಶ್ಲೇಷೆ ಅಂದ್ರೆ ಒಂದೇ ಪದಕ್ಕೆ ಎರಡು ಅರ್ಥ ಅಂಟಿಕೊಂಡಿರೋದು. ಆ ಪದದ ಮೂಲ ಸಂಸ್ಕೃತದ ‘ಶ್ಲಿಷ್’ ಧಾತು. ಅಪ್ಪಿಕೊಳ್ಳು, ಅಂಟಿಕೊಳ್ಳು ಅಂತ ಅರ್ಥ. ಈಗ ತಮಾಷೆ ನೋಡಿ. ಕಫಕ್ಕೆ ಇನ್ನೊಂದು ಹೆಸರು ‘ಶ್ಲೇಷ್ಮ’. ಅದೂ ಇದೇ ಧಾತುವಿನಿಂದ ಹುಟ್ಟಿದ್ದು. ಸುಶ್ರುತಸಂಹಿತೆಯೇ ಈ ವ್ಯುತ್ಪತ್ತಿ ಹೇಳುತ್ತೆ. ಅಂದ್ರೆ ನಮ್ಮ ಅಲಂಕಾರಕ್ಕೂ ನಮ್ಮ ಸಿಂಬಳಕ್ಕೂ ತಾಯಿಬೇರು ಒಂದೇ.

ಆದ್ರೆ ಆಯುರ್ವೇದ ಗ್ರಂಥಗಳಲ್ಲಿ ಕಫ ಅಂದ್ರೆ ಮೂಗಲ್ಲಿ ಸುರಿಯೋದು ಮಾತ್ರ ಅಲ್ಲ. ವಾಗ್ಭಟನ ಅಷ್ಟಾಂಗಹೃದಯ ಕಫವನ್ನ ಐದು ಬಗೆ ಮಾಡುತ್ತೆ: ಎದೆಯಲ್ಲಿ ಅವಲಂಬಕ, ಹೊಟ್ಟೆಯಲ್ಲಿ ಕ್ಲೇದಕ, ನಾಲಿಗೆಯಲ್ಲಿ ಬೋಧಕ, ತಲೆಯಲ್ಲಿ ತರ್ಪಕ, ಕೀಲುಗಳಲ್ಲಿ ಶ್ಲೇಷಕ. ಕೀಲು ಸವೆಯದಂತೆ ನೋಡ್ಕೊಳ್ಳೋದು ಕಫದ ಕೆಲಸ, ದೇಹಕ್ಕೆ ಸ್ಥಿರತೆ ಕೊಡೋದೂ ಕಫದ ಕೆಲಸ. ಇದು ಮನುಷ್ಯನ ದೇಹವನ್ನ ಅರ್ಥ ಮಾಡ್ಕೊಳ್ಳೋಕೆ ಕಟ್ಟಿದ ಒಂದು ಪೂರ್ತಿ ಸಿದ್ಧಾಂತ. ಅದನ್ನ ಒಪ್ಪೋದು ಬಿಡೋದು ಬೇರೆ ಮಾತು. ಆದ್ರೆ ಆ ಸಿದ್ಧಾಂತದ ಪ್ರಕಾರಾನೇ ‘ಕಫ ಬೇರು ಸಮೇತ ಕಿತ್ತು ಹಾಕ್ತೀವಿ’ ಅನ್ನೋ ಮಾತಿಗೆ ಅರ್ಥ ಇಲ್ಲ. ದೇಹವನ್ನ ಹಿಡಿದು ನಿಲ್ಲಿಸಿರೋದನ್ನ ಬೇರು ಸಮೇತ ಕಿತ್ರೆ ಉಳಿಯೋದೇನು?

ಹಾಗಾಗಿ ರೀಲಿನಲ್ಲಿ ಕೂತು ‘ಕಫ ಡಿಟಾಕ್ಸ್’ ಅನ್ನೋರು ಆಧುನಿಕ ವೈದ್ಯಕ್ಕಷ್ಟೇ ಅಲ್ಲ, ಆಯುರ್ವೇದಕ್ಕೂ ಅವಮಾನ ಮಾಡ್ತಿದ್ದಾರೆ. ಒಂದು ಪದ ಹಿಡ್ಕೊಂಡು ಎರಡು ಅರ್ಥ ಮಾರ್ತಿದ್ದಾರೆ. ಶ್ಲೇಷೆ ಕಾವ್ಯದಲ್ಲಿ ಚಂದ. ಔಷಧದ ಬಾಟಲಿ ಮೇಲಲ್ಲ.

ಭಾಗ 3/7

“ನಮ್ಮ ಪದಗಳೇ ಹಂಗೆ, ಇಂಗ್ಲಿಷ್ ಮೆಡಿಕಲ್ ಪದಗಳು ಕರಾರುವಾಕ್ಕು” ಅಂತ ನಮ್ಮ ಕ್ಲಾಸಲ್ಲೇ ಹೇಳೋರಿದ್ದಾರೆ. ಅವರಿಗೆ ಈ ಭಾಗ.

ಇಂಗ್ಲಿಷಿನ ‘ಫ್ಲೆಮ್’ ಪದವನ್ನ ಬರೆಯುವಾಗ ಮಧ್ಯೆ ಒಂದು ‘ಜಿ’ ಬರುತ್ತೆ, ಹೇಳುವಾಗ ಮಾಯ. ಸ್ಪೆಲ್ಲಿಂಗ್ ಟೆಸ್ಟಲ್ಲಿ ನಮ್ಮ ಪ್ರಾಣ ತಿಂದ ಆ ಅಕ್ಷರ ಗ್ರೀಕ್ ಮೂಲದ್ದು. ಗ್ರೀಕಿನಲ್ಲಿ ‘ಫ್ಲೆಗ್ಮ’. ಅದು ಹುಟ್ಟಿದ್ದು ‘ಉರಿ’ ಅನ್ನೋ ಅರ್ಥದ ಕ್ರಿಯಾಪದದಿಂದ. ಹೋಮರನ ಇಲಿಯಡ್‌ನಲ್ಲಿ ಆ ಪದಕ್ಕೆ ಬೆಂಕಿ ಅಂತಲೇ ಅರ್ಥ. ಮುಂದೆ ಹಿಪಾಕ್ರಟೀಸ್ ಹೆಸರಿನಲ್ಲಿರೋ ಗ್ರಂಥಗಳ ಕಾಲಕ್ಕೆ ಅದೇ ಪದ ದೇಹದ ಅತಿ ತಣ್ಣಗಿನ, ಒದ್ದೆಯಾದ ರಸಕ್ಕೆ ಹೆಸರಾಯ್ತು. ಬೆಂಕಿ ಹೋಗಿ ನೆಗಡಿ ಆಯ್ತು! ರಕ್ತ, ಹಳದಿ ಪಿತ್ತ, ಕಪ್ಪು ಪಿತ್ತ, ಈ ಲೋಳೆ: ನಾಲ್ಕು ರಸ ಸಮನಾಗಿದ್ರೆ ಆರೋಗ್ಯ, ಏರುಪೇರಾದ್ರೆ ರೋಗ ಅನ್ನೋದು ಅವರ ಲೆಕ್ಕ.

ಈ ಪದದ ಬಗ್ಗೆ ಜಗಳ ಆಗಲೇ ಶುರುವಾಗಿತ್ತು. ಸಾಕ್ರಟೀಸನ ಕಾಲದ ಪ್ರೋಡಿಕಸ್ ಅನ್ನೋ ಪಂಡಿತನ ತಕರಾರು ಇದು: ಉರಿಯೋ ಧಾತುವಿನಿಂದ ಬಂದ ಪದವನ್ನ ಸುಟ್ಟ ರಸಕ್ಕೆ ಇಡಿ, ಲೋಳೆಗೆ ‘ಬ್ಲೆನ್ನ’ ಅಂತ ಬೇರೆ ಪದ ಇದೆಯಲ್ಲ, ಅದನ್ನೇ ಬಳಸಿ. ಸುಮಾರು ಆರು ಶತಮಾನ ಆದ್ಮೇಲೆ ಬಂದ ವೈದ್ಯ ಗ್ಯಾಲನ್ ಇದನ್ನ ಬರೆದಿಟ್ಟ, ಹೆಸರು ಬದಲಾಯಿಸೋ ಕಸರತ್ತು ಅಂತ ಪಕ್ಕಕ್ಕೂ ಸರಿಸಿದ. ಗ್ಯಾಲನ್ ದೊಡ್ಡ ಹೆಸರು. ಅವನ ಮಾತೇ ನಿಂತಿತು.

ನನಗೆ ಮಾತ್ರ ಪ್ರೋಡಿಕಸನ ಮೇಲೆ ಅಭಿಮಾನ. ಪದ ಸರಿಯಾಗಿ ಬಳಸ್ರಪ್ಪಾ ಅಂದವರನ್ನ ಜನ ಅವತ್ತೂ ‘ಇವನದ್ದೊಂದು’ ಅಂತಲೇ ನೋಡಿದ್ರು.

ಭಾಗ 4/7

ಪದ ಸಡಿಲ ಆದ್ರೆ ಏನಾಗುತ್ತೆ? ತಲೆಬುರುಡೆ ಒಳಗೆ ಹೋಗಿ ನೋಡೋಣ.

ಗ್ಯಾಲನ್ ಪರಂಪರೆಯಲ್ಲಿ ಶತಮಾನಗಟ್ಟಲೆ ನಂಬಿದ್ದು ಇದು: ಕಫ ತಯಾರಾಗೋದು ಮಿದುಳಲ್ಲಿ, ಅಲ್ಲಿಂದ ಸೋರಿ ಮೂಗು, ಗಂಟಲಿಗೆ ಇಳಿಯುತ್ತೆ. ‘ಕಟಾರ್’ ಅನ್ನೋ ಪದದ ಮೂಲ ಅರ್ಥವೇ ಕೆಳಗೆ ಹರಿಯೋದು. ಲ್ಯಾಟಿನ್‌ನಲ್ಲಿ ಲೋಳೆಗೆ ‘ಪಿಟ್ಯೂಟ’ ಅಂತಿದ್ರು. 1543ರಲ್ಲಿ ಅಂಗರಚನೆಯ ಮಹಾಗ್ರಂಥ ಹೊರತಂದ ವೆಸೇಲಿಯಸ್ ಕೂಡ ಮಿದುಳ ಕೆಳಗಿರೋ ಕಡಲೆಕಾಳಿನಷ್ಟು ಗ್ರಂಥಿಯನ್ನ ಮಿದುಳಿನ ಲೋಳೆ ಹಿಡಿದುಕೊಳ್ಳೋ ಗ್ರಂಥಿ ಅಂತಲೇ ವರ್ಣಿಸಿದ. ಅದೇ ನಾವು ಇವತ್ತು ಓದೋ ಪಿಟ್ಯುಟರಿ ಗ್ರಂಥಿ. ಬೆಳವಣಿಗೆ, ಥೈರಾಯ್ಡ್, ಮುಟ್ಟು, ಎದೆಹಾಲು ಎಲ್ಲದಕ್ಕೂ ಹಾರ್ಮೋನ್ ಕಳಿಸೋ ಗ್ರಂಥಿಯ ಹೆಸರಿನ ಅರ್ಥ: ಸಿಂಬಳದ್ದು!

1660ರ ದಶಕದಲ್ಲಿ ಜರ್ಮನಿಯ ವಿಟೆನ್‌ಬರ್ಗಿನ ಪ್ರೊಫೆಸರ್ ಕೊನ್ರಾಡ್ ವಿಕ್ಟರ್ ಶ್ನೈಡರ್ ಇದನ್ನ ಮುರಿದ. ಮೂಗಿನ ಮೇಲಿರೋ ಜರಡಿಯಂಥ ಮೂಳೆಯ ಮೂಲಕ ಮಿದುಳಿನಿಂದ ಲೋಳೆ ಇಳಿಯೋಕೆ ದಾರಿಯೇ ಇಲ್ಲ, ಅದು ಹುಟ್ಟೋದು ಮೂಗಿನ ಒಳಪೊರೆಯಲ್ಲೇ ಅಂತ ತೋರಿಸಿದ. ಸೈನಸ್ ಒಳಪೊರೆಗೆ ಇವತ್ತಿಗೂ ಅವನ ಹೆಸರು ಇದೆ, ಡೆಂಟಲ್ ಓದೋ ಗೆಳೆಯರನ್ನ ಕೇಳಿ.

ಸಿದ್ಧಾಂತ ಸತ್ತು ಮುನ್ನೂರೈವತ್ತು ವರ್ಷ ಆಯ್ತು. ಪದ ಮಾತ್ರ ಬದುಕಿದೆ. ಪಿಟ್ಯುಟರಿ ಅನ್ನೋವಾಗ ಯಾರೂ ಮಿದುಳು ಸೋರುತ್ತೆ ಅಂದ್ಕೊಳ್ಳಲ್ಲ. ಆದ್ದರಿಂದ “ಪದ ಇನ್ನೂ ಇದೆ, ಅಂದ್ಮೇಲೆ ಹಿಂದಿನವರು ಹೇಳಿದ್ದೆಲ್ಲ ಸರಿ” ಅನ್ನೋ ವಾದ ಎಲ್ಲಾದ್ರೂ ಕೇಳಿದ್ರೆ ಈ ಗ್ರಂಥಿಯನ್ನ ನೆನಪಿಸ್ಕೊಳ್ಳಿ. ಪದ ಉಳಿದಿದೆ ಅಂದ್ರೆ ಪದ ಉಳಿದಿದೆ, ಅಷ್ಟೇ.

ಭಾಗ 5/7

ಸರಿ, ಹಾಗಾದ್ರೆ ಡಬ್ಬಿಯೊಳಗೆ ಬೀಳೋದು ಏನು?

ಬಹುಪಾಲು ನೀರು. ಅದಕ್ಕೆ ಲೋಳೆತನ ಕೊಡೋದು ಮ್ಯೂಸಿನ್ ಅನ್ನೋ ಸಕ್ಕರೆ ಹೊತ್ತ ಪ್ರೋಟೀನು. ಜೊತೆಗೆ ಉಪ್ಪು, ರೋಗಾಣುಗಳ ವಿರುದ್ಧ ಹೋರಾಡೋ ವಸ್ತುಗಳು. ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ರೋಮಗಳು ಸದಾ ಬಡೀತಾ ಇರುತ್ತವೆ. ಉಸಿರಲ್ಲಿ ಬಂದ ಧೂಳು, ರೋಗಾಣು ಲೋಳೆಗೆ ಅಂಟಿಕೊಳ್ಳುತ್ತೆ, ರೋಮಗಳು ಅದನ್ನ ಗಂಟಲ ಕಡೆ ತಳ್ಳುತ್ತವೆ, ನಾವು ಗೊತ್ತಿಲ್ಲದೇ ನುಂಗ್ತೀವಿ. ಬೀಡಿ, ಸಿಗರೇಟಿನ ಹೊಗೆ ಹಾಳು ಮಾಡೋದು ಇದೇ ರೋಮಗಳನ್ನ.

ಅಂದ್ರೆ ಲೋಳೆ ಕಸ ಅಲ್ಲ, ಪೊರಕೆ. ಆರೋಗ್ಯವಂತರಲ್ಲೂ ದಿನಾ ತಯಾರಾಗುತ್ತೆ. ಅದು ಜಾಸ್ತಿಯಾಗಿ ಕೆಮ್ಮಿನ ಜೊತೆ ಹೊರಗೆ ಬಂದ್ರೆ ‘ಒಳಗೆ ಏನೋ ನಡೀತಿದೆ, ಬಂದು ನೋಡಿ’ ಅಂತ ದೇಹ ಬರೆದ ಕಾಗದ ಅದು. ಕಾಗದ ಹರಿದು ಹಾಕಿದ್ರೆ ಸುದ್ದಿ ಸುಳ್ಳಾಗಲ್ಲ.

ಇನ್ನೊಂದು. ಕಫ ಹಸಿರಾದ ಕೂಡಲೇ ಮೆಡಿಕಲ್ ಶಾಪಿಗೆ ಓಡಿ ಆ್ಯಂಟಿಬಯೋಟಿಕ್ ತಗೊಳ್ಳೋರಿದ್ದಾರೆ. ಆ ಹಸಿರು ಬರೋದು ನಮ್ಮದೇ ಬಿಳಿ ರಕ್ತಕಣಗಳ ಒಂದು ಕಿಣ್ವದಿಂದ. ವೈರಸ್ ನೆಗಡಿಯಲ್ಲೂ ಬರುತ್ತೆ. ಬಣ್ಣ ಒಂದೇ ನೋಡಿ ಮಾತ್ರೆ ನುಂಗೋದು ತಪ್ಪು.

1882ರ ಮಾರ್ಚ್ 24ರಂದು ರಾಬರ್ಟ್ ಕಾಖ್ ಬರ್ಲಿನ್‌ನಲ್ಲಿ ಟಿಬಿಯ ಬ್ಯಾಕ್ಟೀರಿಯಾ ಪತ್ತೆಯಾಯ್ತು ಅಂತ ಘೋಷಿಸಿದ. ಆಮೇಲೆ ಕಫ ಅನ್ನೋದು ಸ್ಲೈಡಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಓದೋ ಸಾಕ್ಷಿ ಆಯ್ತು. ಈಗ ಯಂತ್ರಕ್ಕೆ ಹಾಕಿ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೇ ಹುಡುಕ್ತಾರೆ. ಎರಡಕ್ಕೂ ಬೇಕಾದದ್ದು ಎದೆಯ ಕಫ. ಉಗುಳು ಹಾಕಿದ್ರೆ ರೋಗ ಇದ್ರೂ ತಪ್ಪಿಸ್ಕೊಳ್ಳಬಹುದು.

ಭಾಗ 6/7

ಈಗ ಬರೋ ಮಾತುಗಳು ಗೊತ್ತು. ಉತ್ತರ ಕೊಟ್ಟೇ ಬಿಡ್ತೀನಿ.

“ನೀನು ಆಯುರ್ವೇದದ ವಿರೋಧಿ.” ಅಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ರಾಜಯಕ್ಷ್ಮಕ್ಕೆ ಅಂತಲೇ ಪ್ರತ್ಯೇಕ ಅಧ್ಯಾಯ ಇದೆ. ಜ್ವರ, ಕೆಮ್ಮು, ರಕ್ತ ಬೀಳೋದು, ಮೈ ಕರಗೋದು ಎಲ್ಲ ಅಲ್ಲಿದೆ. ನಾವು ಟಿಬಿಗೆ ಹೇಳೋ ‘ಕ್ಷಯ’ ಅಂದ್ರೂ ಸವೆಯೋದು ಅಂತಲೇ. ಎರಡು ತಿಂಗಳು ಕೆಮ್ಮಿ ಕರಗ್ತಿರೋ ಮನುಷ್ಯನನ್ನ ‘ಕಫದ ದೇಹ’ ಅಂತ ಆ ಗ್ರಂಥವೂ ಬಿಟ್ಟುಬಿಡಲ್ಲ. ಬಿಟ್ಟಿದ್ದು ನಾವು.

“ಕಷಾಯದಿಂದ ಯಾರಿಗೆ ನಷ್ಟ?” ನೆಗಡಿಗೆ ಶುಂಠಿ ಕಷಾಯ ನಾನೂ ಕುಡೀತೀನಿ, ಗಂಟಲಿಗೆ ಹಿತ. ನಷ್ಟ ಇರೋದು ಕಷಾಯದಲ್ಲಿ ಅಲ್ಲ, ಅದನ್ನ ಕುಡೀತಾ ಕಳೆದ ವಾರಗಳಲ್ಲಿ. ಮತ್ತೆ ಪಥ್ಯದಲ್ಲಿ. ಹಾಲು ಕುಡಿದಾಗ ಅದು ಎಂಜಲಿನ ಜೊತೆ ಬೆರೆತು ಗಂಟಲು ಅಂಟಂಟು ಅನ್ಸುತ್ತೆ ನಿಜ, ಹಂಗಂತ ಎದೆಯಲ್ಲಿ ಕಫ ಜಾಸ್ತಿ ಹುಟ್ಟಲ್ಲ. ನಾವು ಸವೆದು ಹೋಗ್ತಿದ್ದ ದೊಡ್ಡಪ್ಪನ ತಟ್ಟೆಯಿಂದ ಹಾಲು, ಮೊಸರು, ಹಣ್ಣು ಕಿತ್ಕೊಂಡ್ವಿ. ಪ್ರೀತಿಯಿಂದಲೇ ಕಿತ್ಕೊಂಡ್ವಿ. ಇದನ್ನ ಬರೀವಾಗ ಈಗಲೂ ಕೈ ನಿಲ್ಲುತ್ತೆ.

“ಕಫ ಅನ್ನೋದು ಹಳ್ಳಿ ಪದ, ಸ್ಪುಟಮ್ ಅನ್ನು.” ಇದು ನಮ್ಮವರದ್ದೇ ರೋಗ. ಕನ್ನಡದಲ್ಲಿ ಮೂಗಿಂದು ಸಿಂಬಳ, ಗೊಣ್ಣೆ. ಬಾಯಿಂದು ಉಗುಳು, ಎಂಜಲು, ಜೊಲ್ಲು. ಎದೆಯಿಂದು ಕಫ. ಗಿಡದ್ದಾದ್ರೂ ಮೈಯದ್ದಾದ್ರೂ ಜಾರೋದೆಲ್ಲ ಲೋಳೆ. ಎಷ್ಟು ಸ್ಪಷ್ಟ! ಇಷ್ಟು ಬೇರೆ ಬೇರೆ ಪದ ಮನೇಲಿ ಇಟ್ಕೊಂಡು, ಅಸಹ್ಯ ಅಂತ ಒಂದನ್ನೂ ಬಾಯಿಗೆ ತರದೆ, “ಸ್ಪುಟಮ್ ಬರುತ್ತಾ ಅಜ್ಜಿ?” ಅಂತ ಕೇಳಿದ್ರೆ ಅಜ್ಜಿ ಏನು ಹೇಳ್ಬೇಕು? “ಇಲ್ಲ ಕಣಪ್ಪ” ಅಂತಾರೆ. ನಾವು ‘ಇಲ್ಲ’ ಅಂತ ಬರ್ಕೊಳ್ತೀವಿ.

ಭಾಗ 7/7

ಕೊನೇ ಭಾಗ, ನನ್ನ ಕ್ಲಾಸ್‌ಮೇಟ್‌ಗಳಿಗೆ. ಉಳಿದವರೂ ಓದಿ, ನಾಳೆ ಡಬ್ಬಿ ನಿಮ್ಮ ಮನೆಗೂ ಬರಬಹುದು.

ಡಬ್ಬಿ ಕೊಡುವಾಗ ‘ಉಗುಳಿ’ ಅನ್ನಬೇಡಿ. ಹೀಗೆ ಹೇಳಿ: “ಬೆಳಿಗ್ಗೆ ಎದ್ದ ತಕ್ಷಣ ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ. ಗಾಳಿ ಆಡೋ ಜಾಗದಲ್ಲಿ, ಜನರಿಂದ ದೂರ ನಿಂತ್ಕೊಳ್ಳಿ. ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಜೋರಾಗಿ ಕೆಮ್ಮಿ. ಬಂದ ಗಟ್ಟಿ ಕಫ ಇದರಲ್ಲಿ ಹಾಕಿ. ಎಂಜಲು ಬೇಡ, ಸಿಂಬಳ ಬೇಡ.” ಒಂದು ನಿಮಿಷದ ಮಾತು. ಈ ಒಂದು ನಿಮಿಷ ಉಳಿಸೋಕೆ ಹೋಗಿ ನಮ್ಮ ಮನೆ ಒಂದು ತಿಂಗಳು ಕಳ್ಕೊಂಡಿತು.

ಮನೆಯಲ್ಲಿ ಯಾರಿಗಾದ್ರೂ ಕೆಮ್ಮು ಎರಡು ವಾರ ದಾಟಿದ್ರೆ, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯೋದು, ಕಫದಲ್ಲಿ ರಕ್ತ ಇದ್ರೆ, ‘ಕಫದ ದೇಹ’ ಅಂತ ಕೂರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಪರೀಕ್ಷೆಯೂ ಉಚಿತ, ಮಾತ್ರೆಯೂ ಉಚಿತ. ಒಂದು ಸಲ ನೆಗೆಟಿವ್ ಬಂದ್ರೂ ಕೆಮ್ಮು ನಿಲ್ಲದಿದ್ರೆ ಮತ್ತೆ ಹೋಗಿ, ಡಾಕ್ಟರಿಗೆ ಮತ್ತೆ ಹೇಳಿ.

ಮತ್ತೆ ಇನ್ಮೇಲೆ ಯಾರಾದ್ರೂ ‘ಕಫ’ ಅಂದ್ರೆ ಒಂದೇ ಪ್ರಶ್ನೆ ಕೇಳಿ: ಯಾವ ಕಫ? ಗ್ರಂಥದ್ದಾ, ಡಬ್ಬಿಯದ್ದಾ? ಉತ್ತರ ಗೊತ್ತಿಲ್ಲದೇ ಔಷಧಿ ಹೇಳೋರನ್ನ ಅನ್‌ಫಾಲೋ ಮಾಡಿ. ನಾನೇ ಹೇಳಿದ್ರೂ ಸರಿ.

ದೊಡ್ಡಪ್ಪನಿಗೆ ಒಟ್ಟು ಆರು ತಿಂಗಳ ಮಾತ್ರೆ. ಈಗ ನಾಲ್ಕನೇ ತಿಂಗಳು. ಅಂಗಿ ಮತ್ತೆ ಮೈಗೆ ಕೂರ್ತಿದೆ. ಮೊನ್ನೆ ಊಟಕ್ಕೆ ಕೂತಾಗ ಅಜ್ಜಿ ಏನೂ ಹೇಳಲಿಲ್ಲ, ಸುಮ್ನೆ ಎದ್ದು ಹೋಗಿ ಮೊಸರಿನ ಪಾತ್ರೆ ತಂದು ಅವರ ತಟ್ಟೆ ಪಕ್ಕ ಇಟ್ರು.

#ಯಾವಕಫ #ಎರಡುವಾರದಕೆಮ್ಮು #ಲ್ಯಾಬ್‌ಹುಡುಗರು #ಕನ್ನಡದಲ್ಲೇಕೇಳಿ