ರಕ್ತ ಪರೀಕ್ಷೆಯಿಂದಲೇ ಸ್ತನ ಕ್ಯಾನ್ಸರ್ ಪತ್ತೆ: ವರದಿಯನ್ನು ಎಷ್ಟು ನಂಬಬಹುದು?

ಉಪ್ಪಲ್, ಹೈದರಾಬಾದ್: ಗಂಟು ಕೈಗೆ ಸಿಗುವ ಮೊದಲೇ ರಕ್ತದಲ್ಲಿ ಸ್ತನ ಕ್ಯಾನ್ಸರ್‌ನ ಸುಳಿವು ಸಿಕ್ಕರೆ? ಉಪ್ಪಲ್‌ನ ಸಿಡಿಎಫ್‌ಡಿ, ಉಪ್ಪಲ್ ರಸ್ತೆಯ ಸಿಸಿಎಂಬಿಯಂಥ ಸಂಸ್ಥೆಗಳು ದೇಶಕ್ಕೆ ಪರಿಚಯಿಸಿದ ಡಿಎನ್‌ಎ ಪರೀಕ್ಷೆ ಈಗ ಖಾಸಗಿ ಲ್ಯಾಬ್‌ಗಳಿಗೂ ಬಂದಿದೆ. ಬೆಂಗಳೂರಿನ ಸ್ಟ್ರಾಂಡ್ ಲೈಫ್ ಸೈನ್ಸಸ್ 2024ರ ಡಿಸೆಂಬರ್‌ನಲ್ಲಿ ರಕ್ತದಿಂದ ಹಲವು ಕ್ಯಾನ್ಸರ್‌ಗಳ ಸುಳಿವು ಹುಡುಕುವ ಪರೀಕ್ಷೆಯನ್ನು ಬಿಡುಗಡೆ ಮಾಡಿತು.

ಅಗತ್ಯವೇನೋ ದೊಡ್ಡದು

ಗ್ಲೋಬೊಕ್ಯಾನ್ ಅಂದಾಜಿನಂತೆ 2022ರಲ್ಲಿ ಭಾರತದ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. 98 ಸಾವಿರಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಸ್ತನ ತಪಾಸಣೆ ಮಾಡಿಸಿಕೊಂಡವರು ಶೇ. 0.9 ಮಾತ್ರ.

ತೊಡಕು ಎಲ್ಲಿದೆ?

ಕ್ಯಾನ್ಸರ್ ಗಡ್ಡೆ ತನ್ನ ಡಿಎನ್‌ಎ ಚೂರುಗಳನ್ನು, ಕೆಲವು ಪ್ರೋಟೀನ್‌ಗಳನ್ನು ರಕ್ತಕ್ಕೆ ಬಿಡುತ್ತದೆ. ಗಡ್ಡೆ ಚಿಕ್ಕದಾಗಿದ್ದಷ್ಟೂ ಈ ಸುಳಿವು ಕ್ಷೀಣ. ಅಂದರೆ ಯಾವ ಹಂತದಲ್ಲಿ ಪತ್ತೆಯಾಗಬೇಕೋ ಅದೇ ಹಂತದಲ್ಲಿ ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಹಳೆಯ ಸಿಎ 15-3 ಪರೀಕ್ಷೆಯದ್ದೂ ಇದೇ ಕಥೆ. ಯಕೃತ್ತಿನ ಕಾಯಿಲೆಯಲ್ಲೂ ಅದರ ಪ್ರಮಾಣ ಏರಬಹುದು. ಹಾಗಾಗಿ ಅದನ್ನು ಮುಖ್ಯವಾಗಿ ಹರಡಿದ ಕ್ಯಾನ್ಸರ್‌ನ ಚಿಕಿತ್ಸೆಗೆ ಸ್ಪಂದನೆ ನೋಡಲು ಬಳಸುತ್ತಾರೆ, ತಪಾಸಣೆಗೆ ಅಲ್ಲ.

ಇನ್ನೊಂದು ಲೆಕ್ಕವೂ ಇದೆ. ಒಂದು ಲಕ್ಷ ಮಹಿಳೆಯರಲ್ಲಿ 100 ಮಂದಿಗೆ ಕ್ಯಾನ್ಸರ್ ಇದೆ ಎಂದುಕೊಳ್ಳಿ. ಪರೀಕ್ಷೆ ಅವರಲ್ಲಿ 90 ಮಂದಿಯನ್ನು ಗುರುತಿಸಿ, ಆರೋಗ್ಯವಂತರಲ್ಲಿ ಶೇ. 5ರಷ್ಟು ಮಂದಿಗೆ ಮಾತ್ರ ತಪ್ಪು ವರದಿ ಕೊಟ್ಟರೂ, 4,995 ಮಂದಿ ಸುಮ್ಮನೆ ಭಯಪಡುತ್ತಾರೆ. 'ಪಾಸಿಟಿವ್' ಬಂದ ನೂರರಲ್ಲಿ ನಿಜವಾಗಿ ಕ್ಯಾನ್ಸರ್ ಇರುವವರು ಇಬ್ಬರಷ್ಟೇ. ಉಳಿದವರು ಸ್ಕ್ಯಾನ್, ಬಯಾಪ್ಸಿ ಎಂದು ಅಲೆಯಬೇಕು.

ಸದ್ಯಕ್ಕೆ ದಾರಿ ಯಾವುದು?

ಮುಂಬೈನಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ತಪಾಸಣೆ ಮಾಡಿದರು. ಸುಮಾರು 1.5 ಲಕ್ಷ ಮಹಿಳೆಯರನ್ನು ಒಳಗೊಂಡ, 20 ವರ್ಷಗಳ ಈ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. 50 ವರ್ಷ ಮೀರಿದವರಲ್ಲಿ ಸಾವು ಸುಮಾರು ಶೇ. 30ರಷ್ಟು ಇಳಿದಿತ್ತು, ಅದಕ್ಕಿಂತ ಕಿರಿಯರಲ್ಲಿ ಅಂಥ ಲಾಭ ಕಾಣಲಿಲ್ಲ. ಉತ್ತಮ ರಕ್ತ ಪರೀಕ್ಷೆ ಬೇಕಿರುವುದು ಈ ಕಿರಿಯರಿಗೇ.

ಅಲ್ಲಿಯವರೆಗೆ 30 ದಾಟಿದ ಮಹಿಳೆಯರಿಗೆ ಸರ್ಕಾರಿ ಆರೋಗ್ಯ ಕೇಂದ್ರದ ತಪಾಸಣೆಯೇ ಮೊದಲ ಮೆಟ್ಟಿಲು. ಗಂಟು, ಚರ್ಮ ಸುಕ್ಕುವುದು, ಮೊಲೆತೊಟ್ಟಿನಿಂದ ರಕ್ತ ಕಾಣಿಸಿದರೆ, ರಕ್ತ ಪರೀಕ್ಷೆಯ ವರದಿ 'ನೆಗೆಟಿವ್' ಇದ್ದರೂ ವೈದ್ಯರ ಬಳಿ ಹೋಗಲೇಬೇಕು.