ಎರಡು ಗುಲಗಂಜಿ ತೂಕದ ನಕ್ಷೆ

ತಿರುಮಕೂಡಲು ನರಸೀಪುರದ ದೇವರು ಗುಂಜಾನರಸಿಂಹ. ಕಾಶಿಗಿಂತ ಈ ಕ್ಷೇತ್ರದ ಮಹಿಮೆ ಒಂದು ಗುಲಗಂಜಿಯಷ್ಟು ಹೆಚ್ಚು ತೂಗುವುದೆಂದು ಆ ಸೀಮೆಯ ಜನ ಹೇಳುವುದನ್ನು ವಾಚಕರು ಕೇಳಿಯೇ ಇರುವಿರಿ. ಅಕ್ಕಸಾಲಿಗರ ಲೆಕ್ಕದಲ್ಲಿ ಗುಲಗಂಜಿಯ ತೂಕ ಒಂದು ಗ್ರಾಮಿನ ಎಂಟನೆಯ ಪಾಲಿಗೆ ಕೊಂಚ ಕಡಿಮೆ. ಅಂಥ ಎರಡನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟರೆ, ಇನ್ನೊಂದರಲ್ಲಿ ‘ಮೈಕ್ರೋ ಎಸ್‌ಡಿ’ ಎಂಬ ನೆನಪಿನ ಬಿಲ್ಲೆಯೊಂದನ್ನಿಟ್ಟು ಹೆಚ್ಚು ಕಡಿಮೆ ಸರಿತೂಗಿಸಬಹುದು. ಉದ್ದ ೧೫ ಮಿಲಿಮೀಟರು, ಅಗಲ ೧೧, ದಪ್ಪ ೧. ಕರ್ನಾಟಕದ ಹೊಳೆ, ಹಾದಿ, ಹಳ್ಳಿಗಳ ನಕ್ಷೆಯೆಲ್ಲವೂ ಅದರಲ್ಲಿ ಅಡಗಿ, ಇನ್ನೂ ಬೇಕಾದಷ್ಟು ಸ್ಥಳ ಉಳಿಯುತ್ತದೆ.

ಈ ಬಿಲ್ಲೆಯನ್ನು ಅಂಗೈಯಗಲದ ಜಿಪಿಎಸ್ ಯಂತ್ರದೊಳಗೆ ಸೇರಿಸಿ ದಾರಿ ಹುಡುಕುವ ವಿದ್ಯೆಯೇ ಈ ವಾರದ ವಿಷಯ. ಎಲ್ಲರ ಜೇಬಿನಲ್ಲಿ ಫೋನು ಇರುವಾಗ ಬೇರೊಂದು ಯಂತ್ರವೇಕೆ ಎಂದು ಗೃಹಿಣಿಯರು ಕೇಳಿದರೆ ಅದು ನ್ಯಾಯವೇ. ಫೋನಿನಲ್ಲಿಯೂ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು. ಆದರೆ ಎರಡು ಪೆನ್ಸಿಲ್ ಸೆಲ್ಲುಗಳ ಬಲದಿಂದ ಇಡೀ ದಿನ ನಡೆದು, ಕಡು ಬಿಸಿಲಿನಲ್ಲಿಯೂ ತೆರೆ ಕಾಣುವಂತಿದ್ದು, ಕೈಜಾರಿ ಬಿದ್ದರೂ ಮುನಿಯದ ಯಂತ್ರಕ್ಕೆ ಅದರದೇ ಆದ ಬೆಲೆಯುಂಟು. ಯಂತ್ರ ಯಾವುದೇ ಇರಲಿ, ಗುರುತುಗಳನ್ನು ಮೊದಲೇ ಸಿದ್ಧಪಡಿಸಿಕೊಳ್ಳುವ ಕೆಲಸ ಮಾತ್ರ ಒಂದೇ.

ಆ ಕೆಲಸದ ಅಗತ್ಯ ನಮ್ಮ ಮನೆಗಳಿಗೆ ಎಷ್ಟಿದೆಯೆಂಬುದನ್ನು ಯೋಚಿಸಿ ನೋಡಿ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ನೆಲೆಸಿದ ಎಷ್ಟೋ ಮನೆತನಗಳ ಮನೆದೇವರು ಇಂದಿಗೂ ನಂಜನಗೂಡು, ನರಸೀಪುರ ತಾಲ್ಲೂಕುಗಳ ಯಾವುದೋ ಹಳ್ಳಿಯ ತೋಪಿನಲ್ಲಿ, ಕೆರೆಯ ಏರಿಯ ಕೆಳಗೆ, ಹೆಸರು ಹಲಗೆಯೂ ಇಲ್ಲದ ಗುಡಿಯಲ್ಲಿ ಕುಳಿತಿದ್ದಾನೆ. ವರ್ಷಕ್ಕೊಮ್ಮೆ ಮಡಿಲಕ್ಕಿ, ತೆಂಗಿನಕಾಯಿಗಳೊಡನೆ ಹೊರಡುವ ಸಂಸಾರದಲ್ಲಿ ದಾರಿ ಬಲ್ಲವರು ಅಜ್ಜಿಯೊಬ್ಬರೇ. “ಆಲದ ಮರ ದಾಟಿ ಎಡಕ್ಕೆ” ಎಂದು ಆಕೆ ಹೇಳುತ್ತಾರೆ. ರಸ್ತೆ ಅಗಲವಾದಾಗ ಆಲದ ಮರ ಹೋಯಿತು. ಮುಂದೊಂದು ದಿನ ಅಜ್ಜಿಯೂ ಇರುವುದಿಲ್ಲ. ಮೊಮ್ಮಕ್ಕಳಿಗೆ ಉಳಿಯುವುದು ಹಳ್ಳಿಯ ಹೆಸರು ಮಾತ್ರ. ಅದೋ ‘ಹೊಸಹಳ್ಳಿ’ ಎಂದಾಗಿದ್ದರೆ ತಾಲ್ಲೂಕಿಗೆ ಹಲವು! ಆದುದರಿಂದ ಅಜ್ಜಿ ಬರಬಲ್ಲ ವರ್ಷದಲ್ಲಿಯೇ ಆಕೆಯನ್ನು ಕರೆದೊಯ್ದು, ಗುಡಿಯ ಬಾಗಿಲಲ್ಲಿ ನಿಂತು ಒಂದು ಗುಂಡಿಯನ್ನೊತ್ತಿ ಗುರುತು ಮಾಡಿಕೊಳ್ಳುವುದು ಬುದ್ಧಿವಂತಿಕೆ. ಹೀಗೆ ದಾಖಲಾದ ಒಂದೊಂದು ಸ್ಥಳಕ್ಕೂ ‘ವೇಪಾಯಿಂಟ್’ ಎಂದು ಹೆಸರು. ನಾವು ಗುರುತುಬಿಂದು ಎನ್ನೋಣ.

ಯಂತ್ರಕ್ಕೆ ಸ್ಥಳ ತಿಳಿಯುವುದಾದರೂ ಹೇಗೆ? ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಗಳಿಗೆಗಳಿಗೆಗೂ ಕಾಲವನ್ನು ಸಾರುತ್ತಿರುತ್ತವೆ. ಕನಿಷ್ಠ ನಾಲ್ಕರ ಧ್ವನಿ ಕೇಳಿದರೆ ಸಾಕು, ಯಂತ್ರವು ತನ್ನ ಅಕ್ಷಾಂಶ, ರೇಖಾಂಶ, ಎತ್ತರಗಳನ್ನು ಗುಣಿಸಿಕೊಳ್ಳುತ್ತದೆ. ಅದು ಕೇಳುವುದೇ ಹೊರತು ಮಾತನಾಡುವುದಿಲ್ಲ. ಆದುದರಿಂದ ಫೋನಿನ ಗೋಪುರದ ಹಂಗಿಲ್ಲ, ತಿಂಗಳ ಬಾಡಿಗೆಯೂ ಇಲ್ಲ. ಅಮೆರಿಕದವರು ಸಾರ್ವಜನಿಕರಿಗೆಂದು ಬೆರೆಸುತ್ತಿದ್ದ ಬೇಕಂತಲೇ ಮಾಡಿದ ದೋಷವನ್ನು ೨೦೦೦ದ ಮೇ ತಿಂಗಳಲ್ಲಿ ತೆಗೆದುಹಾಕಿದರು. ಬಯಲಿನಲ್ಲಿ ಈಗ ಐದಾರು ಮೀಟರಿನೊಳಗೆ ನಿಖರತೆ ದೊರೆಯುತ್ತದೆ. ದಟ್ಟ ಮರಗಳ ಕೆಳಗೆ ಅಷ್ಟು ನಂಬಬಾರದು.

ಸ್ಥಳ ತಿಳಿದರೆ ಸಾಲದು, ಅದರ ಕೆಳಗೆ ನಕ್ಷೆ ಬೇಕು. ಸರ್ವೇ ಆಫ್ ಇಂಡಿಯಾದ ಹಳೆಯ ಹಾಳೆಗಳ ಲೆಕ್ಕದಲ್ಲಿ ನಂಜನಗೂಡು ೫೭ ಡಿ/೧೨ರಲ್ಲಿ, ನರಸೀಪುರ ೫೭ ಡಿ/೧೬ರಲ್ಲಿ, ತಲಕಾಡು ೫೭ ಎಚ್/೪ರಲ್ಲಿ ಬರುತ್ತವೆ. ಒಂದು ದಿನದ ಪ್ರವಾಸಕ್ಕೆ ಮೂರು ದೊಡ್ಡ ಹಾಳೆಗಳು! ಬಿಲ್ಲೆಯಲ್ಲಿ ಈ ತೊಡಕಿಲ್ಲ. ೨೦೦೪ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸ್ವಯಂಸೇವಕರ ನಕ್ಷೆಯನ್ನು ಇಂಥ ಯಂತ್ರಗಳಿಗೆ ಹೊಂದುವಂತೆ ಅಣಿಮಾಡಿ ಉಚಿತವಾಗಿ ಕೊಡುವವರಿದ್ದಾರೆ. ಹಳೆಯ ಹಾಳೆಯಿಂದ ಗುರುತು ತೆಗೆಯುವವರು ಒಂದು ಮಾತನ್ನು ಮರೆಯಬಾರದು: ಆ ಹಾಳೆಗಳು ೧೮೩೦ರ ಎವರೆಸ್ಟ್ ಗೋಳದ ಅಳತೆಯನ್ನು ಅನುಸರಿಸಿದವು; ಜಿಪಿಎಸ್ ಅನುಸರಿಸುವುದು ೧೯೮೪ರ ಲೋಕಮಾನವನ್ನು. ಯಂತ್ರದಲ್ಲಿ ಅದಕ್ಕೆ ತಕ್ಕ ಏರ್ಪಾಡು ಮಾಡದಿದ್ದರೆ ಗುಡಿಯ ಗುರುತು ನೂರು ಮೀಟರಿಗೂ ಮೀರಿ ಸರಿದು ಪಕ್ಕದ ಗದ್ದೆಯಲ್ಲಿ ಬೀಳುತ್ತದೆ.

ಈಗ ತುಂಬುವ ಕ್ರಮ. ೩೨ ಜಿಬಿ ಅಥವಾ ಅದಕ್ಕಿಂತ ಚಿಕ್ಕ ಬಿಲ್ಲೆಯನ್ನೇ ಕೊಳ್ಳಿ. ದೊಡ್ಡವು ಬೇರೊಂದು ರೀತಿಯಲ್ಲಿ ವಿಂಗಡಿಸಲ್ಪಟ್ಟಿರುವುದರಿಂದ ಅನೇಕ ಯಂತ್ರಗಳು ಅವನ್ನು ಓದಲಾರವು. ಚಿಕ್ಕದರ ವಿಂಗಡಣೆ ‘ಫ್ಯಾಟ್ ೩೨’. ಗಾರ್ಮಿನ್ ಯಂತ್ರವಾದರೆ ಬಿಲ್ಲೆಯಲ್ಲಿ ‘ಗಾರ್ಮಿನ್’ ಎಂಬ ಹೆಸರಿನ ಕಡತಕೋಶವನ್ನು ತೆರೆದು ನಕ್ಷೆಯನ್ನು ಅದರಲ್ಲಿಡಬೇಕು. ಹಳೆಯ ಯಂತ್ರಗಳು ‘ಜಿಮ್ಯಾಪ್‌ಸಪ್’ ಎಂಬ ಒಂದೇ ಹೆಸರಿನ ಕಡತವನ್ನು ಮಾತ್ರ ಗುರುತಿಸುತ್ತವೆ. ಎರಡನೆಯ ನಕ್ಷೆಯನ್ನು ಅದೇ ಹೆಸರಿನಲ್ಲಿಟ್ಟರೆ ಮೊದಲನೆಯದು ಅಳಿಸಿಹೋಗುತ್ತದೆ; ತಮಿಳುನಾಡಿನ ಪ್ರವಾಸಕ್ಕೆಂದು ಹೊಸ ನಕ್ಷೆ ತುಂಬಿ ಮೈಸೂರು ಸೀಮೆಯನ್ನೇ ಕಳೆದುಕೊಳ್ಳುವುದು ಹೀಗೆ. ಹೊಸ ಯಂತ್ರಗಳಲ್ಲಿ ಬೇರೆಬೇರೆ ಹೆಸರಿನ ಹಲವು ನಕ್ಷೆಗಳಿಗೆ ಅವಕಾಶವಿದೆ. ಗುರುತುಬಿಂದುಗಳು ‘ಜಿಪಿಎಕ್ಸ್’ ಎಂಬ ಬಗೆಯ ಕಡತದಲ್ಲಿ, ಅದೇ ಹೆಸರಿನ ಒಳಕೋಶದಲ್ಲಿರಬೇಕು. ಕೆಲವು ಮಾದರಿಗಳಲ್ಲಿ ಬಿಲ್ಲೆಯ ಗೂಡು ಸೆಲ್ಲುಗಳ ಅಡಿಯಲ್ಲಿರುವುದರಿಂದ ಯಂತ್ರವನ್ನು ಆರಿಸಿ, ಸೆಲ್ಲು ತೆಗೆದು ಬಿಲ್ಲೆಯನ್ನು ಸೇರಿಸಿರಿ. ನಕ್ಷೆ ಕಾಣಿಸದಿದ್ದರೆ ಕಡತ ಕೆಟ್ಟಿತೆಂದು ಗಾಬರಿ ಬೇಡ; ಯಂತ್ರದ ಪಟ್ಟಿಯಲ್ಲಿ ಆ ನಕ್ಷೆಯನ್ನು ಆರಿಸಿಕೊಂಡಿರಲಾರಿರಿ. ಕನ್ನಡ ಲಿಪಿ ಅನೇಕ ಯಂತ್ರಗಳಿಗೆ ಇನ್ನೂ ಬಾರದೆಂಬುದು ಬೇಸರದ ಸಂಗತಿಯೇ. ‘ಮುಡುಕುತೊರೆ’ಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವಾಗ ಮನೆಯವರೆಲ್ಲ ಒಂದೇ ಕಾಗುಣಿತಕ್ಕೆ ಒಪ್ಪಿಕೊಂಡಿರುವುದು ಮೇಲು.

ಅಂಕಿಗಳಲ್ಲಿ ಎಚ್ಚರ ತಪ್ಪಿದರೆ ಫಲ ವಿಚಿತ್ರ. ನಂಜನಗೂಡು ಇರುವುದು ೧೨ ಡಿಗ್ರಿ ೭ ಮಿನಿಟು ಉತ್ತರದಲ್ಲಿ. ಇದನ್ನು ೧೨.೦೭ ಎಂದು ಬರೆದರೆ ಊರು ಐದು ಕಿಲೋಮೀಟರು ದಕ್ಷಿಣಕ್ಕೆ ಸರಿಯುತ್ತದೆ, ಏಕೆಂದರೆ ೭ ಮಿನಿಟೆಂದರೆ ದಶಾಂಶದಲ್ಲಿ ೦.೧೧೭. ಅಕ್ಷಾಂಶ ರೇಖಾಂಶಗಳನ್ನು ಅದಲುಬದಲು ಮಾಡಿದಿರೋ, ಶ್ರೀಕಂಠೇಶ್ವರನು ಉತ್ತರಧ್ರುವದ ಕಡೆಯ ಸ್ಪಿಟ್ಸ್‌ಬರ್ಗೆನ್ ದ್ವೀಪದ ಬಳಿ ಹಿಮಸಮುದ್ರದಲ್ಲಿ ಪ್ರತಿಷ್ಠೆಯಾಗುತ್ತಾನೆ! ಕೆಲವು ಕಡತಗಳಲ್ಲಿ ರೇಖಾಂಶ ಮೊದಲು, ಕೆಲವುಗಳಲ್ಲಿ ಅಕ್ಷಾಂಶ ಮೊದಲು ಬರುವುದರಿಂದ ಈ ಪ್ರಮಾದ ಅಪರೂಪವೇನಲ್ಲ. ನಮ್ಮ ಸೀಮೆಗೆ ೧೨ ಮೊದಲು, ೭೬ ಅಥವಾ ೭೭ ಅನಂತರ ಎಂದು ಮಕ್ಕಳಿಗೂ ಕಲಿಸಿಡಿ.

ಬಾಣದ ಗುರುತನ್ನು ನಂಬಿ ನೇರವಾಗಿ ನಡೆಯುವಂತಿಲ್ಲ ಎಂಬುದನ್ನು ಈ ಸೀಮೆಯಷ್ಟು ಚೆನ್ನಾಗಿ ಕಲಿಸುವ ಪ್ರದೇಶ ಮತ್ತೊಂದಿರಲಾರದು. ನಂಜನಗೂಡಿನಿಂದ ನರಸೀಪುರಕ್ಕೆ ಹಕ್ಕಿಯ ದಾರಿ ಸುಮಾರು ೨೬ ಕಿಲೋಮೀಟರು. ಆದರೆ ನಡುವೆ ಕಪಿಲೆ ಬಳಸಿ ಬಳಸಿ ಹರಿಯುತ್ತಾಳೆ, ಸಂಗಮದಲ್ಲಿ ಕಾವೇರಿಯೂ ಸೇರುತ್ತಾಳೆ. ಎದುರು ದಡದ ಗುಡಿ ನಾಲ್ಕುನೂರು ಮೀಟರೆಂದು ಯಂತ್ರ ತೋರಿಸುವುದು ಸುಳ್ಳಲ್ಲ. ಸೇತುವೆ ಎಲ್ಲಿದೆಯೆಂದು ಕೇಳದಿದ್ದುದು ನಮ್ಮ ಕೊರತೆ. ಆದುದರಿಂದ ಸೇತುವೆಗಳಿಗೂ ಒಂದೊಂದು ಗುರುತುಬಿಂದು ಇರಲಿ. ನಂಜನಗೂಡಿನಲ್ಲಿ ೧೭೩೫ರಲ್ಲಿ ದಳವಾಯಿ ದೇವರಾಜಯ್ಯನು ಕಟ್ಟಿಸಿದ ಹಳೆಯ ಸೇತುವೆಯನ್ನು ನೋಡತಕ್ಕ ಸ್ಥಳವೆಂದು ಗುರುತಿಸಿ, ದಾಟುವ ದಾರಿಯೆಂದಲ್ಲ.

ಮಳೆಗಾಲದ ಮಾತೇ ಬೇರೆ. ೨೦೧೮ ಮತ್ತು ೨೦೧೯ರಲ್ಲಿ ಕಪಿಲೆ ಉಕ್ಕಿ ಸ್ನಾನಘಟ್ಟವನ್ನು ಮುಳುಗಿಸಿ, ಮೈಸೂರಿನ ಹೆದ್ದಾರಿಯ ಮೇಲೂ ಹರಿದು ಸಂಚಾರವನ್ನು ನಿಲ್ಲಿಸಿದಳು. ಬೇಸಗೆಯಲ್ಲಿ ತೆಗೆದ ಗುರುತು ಆಷಾಢದಲ್ಲಿ ನೀರಿನಡಿ ಇರಬಹುದು, ಯಂತ್ರ ಅದನ್ನು ಅರಿಯದು. ಅಂಥ ದಿನ ಬದಲಿ ದಾರಿಯ ತಿರುವುಗಳು ಬಿಲ್ಲೆಯಲ್ಲಿದ್ದರೆ ಮುದುಕರನ್ನೂ ಹಸುಗೂಸನ್ನೂ ಕೂರಿಸಿಕೊಂಡ ಗಾಡಿ ಕತ್ತಲಾಗುವ ಮೊದಲು ಮನೆ ಸೇರೀತು. ನೀರು ಎಲ್ಲಿಯವರೆಗೆ ಬಂದಿದೆಯೆಂಬುದನ್ನು ಮಾತ್ರ ಊರಿನವರನ್ನೇ ಕೇಳಬೇಕು.

ಮೊದಲ ಪ್ರಯೋಗಕ್ಕೆ ತಲಕಾಡಿನ ಪಂಚಲಿಂಗಗಳು ಯೋಗ್ಯ. ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರರು ಮರಳಿನ ನಡುವೆ. ಅರ್ಕೇಶ್ವರ ವಿಜಯಾಪುರದಲ್ಲಿ, ಮಲ್ಲಿಕಾರ್ಜುನ ಮುಡುಕುತೊರೆಯ ಬೆಟ್ಟದ ಮೇಲೆ. ಐದು ಬಿಂದುಗಳನ್ನು ಮನೆಯಲ್ಲೇ ತುಂಬಿಕೊಂಡು ಹೋಗಿ, ಬಾಗಿಲಲ್ಲಿ ನಿಂತು ಒಂದೊಂದನ್ನೂ ತಿದ್ದಿಕೊಳ್ಳಿ. ಜೊತೆಗೆ ಸೋಮನಾಥಪುರವೂ ಆದೀತು.

ವಿದೇಶದಿಂದ ಬರುವ ಮಕ್ಕಳು ಇಂಥ ಯಂತ್ರವನ್ನು ಉಡುಗೊರೆಯಾಗಿ ತರುವುದುಂಟು. ಬರಿದೆ ಕೇಳುವ ಯಂತ್ರವಾದರೆ ಸರಿ. ಉಪಗ್ರಹದ ಮೂಲಕ ಸಂದೇಶವನ್ನೂ ಕಳುಹಿಸುವ ಮಾದರಿಗಳಿಗೆ ನಮ್ಮ ದೇಶದಲ್ಲಿ ಸರ್ಕಾರದ ಅನುಮತಿ ಬೇಕು. ಅದಿಲ್ಲದೆ ವಿಮಾನ ನಿಲ್ದಾಣದಲ್ಲಿ ತೊಂದರೆಗೆ ಸಿಕ್ಕಿದವರಿದ್ದಾರೆ. ಬರುವ ಮೊದಲೇ ಅವರಿಗೆ ಕಾಗದ ಬರೆದು ತಿಳಿಸಿ. ಮನೆದೇವರ ಗುರುತುಗಳ ಕಡತದ ಪ್ರತಿಯೊಂದನ್ನು ಅವರಿಗೂ ಕಳುಹಿಸಿಕೊಡಿ. ಮತ್ತೊಂದನ್ನು ಅಕ್ಷಾಂಶ ರೇಖಾಂಶಗಳ ಸಹಿತ ಪಂಚಾಂಗದ ಕೊನೆಯ ಪುಟದಲ್ಲಿ ಮಸಿಯಿಂದ ಬರೆದಿಡಿ. ಇಷ್ಟು ಚಿಕ್ಕ ಬಿಲ್ಲೆ ಕಸದೊಡನೆ ಗುಡಿಸಿ ಹೋಗಲು ಒಂದು ನಿಮಿಷ ಸಾಕು.