ಅಂಗಳದ ಬೆಂಕಿ ಅಂಗಳದಲ್ಲೇ ಇರಲಿ



ಚಳಿ ಶುರುವಾಯಿತೆಂದರೆ ನಮ್ಮ ತಾಳವಾಡಿ ಕಡೆಯ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಗೆ ನಿಂತ ಮಕ್ಕಳು ಕೈ ಮುಗಿಯುವುದಕ್ಕಿಂತ ಕೈ ಉಜ್ಜಿಕೊಳ್ಳುವುದೇ ಹೆಚ್ಚು. ನಮ್ಮಲ್ಲೇ ಹೀಗಾದರೆ, ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಊಟಿಯ ಚಳಿ ಹೇಗಿರಬೇಕು! ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಕೂರುತ್ತದೆ. ನಮ್ಮಲ್ಲಿ ಓದಿದ ಹುಡುಗರು ಕೆಲವರು ಅಲ್ಲಿನ ಹೋಟೆಲು, ರೆಸಾರ್ಟುಗಳಲ್ಲಿ ಕೆಲಸಕ್ಕಿದ್ದಾರೆ. ಈ ಬರಹ ಅವರಿಗಾಗಿ, ಅವರ ಅಪ್ಪ ಅಮ್ಮಂದಿರಿಗಾಗಿ.

ಹಬ್ಬಕ್ಕೆ ಊರಿಗೆ ಬಂದ ಹಳೆಯ ವಿದ್ಯಾರ್ಥಿಯೊಬ್ಬ ಶಾಲೆಯ ಕಡೆ ಬಂದಿದ್ದ. ಅವನ ಕೆಲಸ, ಸಂಜೆ ಹುಲ್ಲುಹಾಸಿನ ಮೇಲೆ ಕೂರುವ ಅತಿಥಿಗಳಿಗೆ ಕೊಡೆಯಂಥ ತಲೆಯ ಉದ್ದನೆಯ ಗ್ಯಾಸ್ ಹೀಟರ್ ಹಚ್ಚುವುದು. ರಾತ್ರಿ ಕೆಲಸ ಮುಗಿದ ಮೇಲೆ ಅವರು ಮೂವರು ಮಲಗುವ ಕೋಣೆಗೆ ಅಗ್ಗಿಷ್ಟಿಕೆಯಲ್ಲಿ ಉಳಿದ ಕೆಂಡ ತಂದಿಟ್ಟುಕೊಂಡು ಬಾಗಿಲು ಹಾಕಿಕೊಂಡಿದ್ದಾರೆ. ನಡುರಾತ್ರಿ ಒಬ್ಬನಿಗೆ ವಾಂತಿಯಾಗಿ ಎಚ್ಚರವಾಯಿತಂತೆ. “ಸಾ, ಎದ್ದು ನಿಂತ್ಕತೀನಿ ಅಂದ್ರೆ ಕಾಲೇ ನಿಲ್ನಿಲ್ಲ” ಎಂದ. ಹೇಗೋ ತೆವಳಿಕೊಂಡು ಹೋಗಿ ಬಾಗಿಲು ತೆಗೆದದ್ದರಿಂದ ಮೂವರೂ ಉಳಿದರು. ಅವನು ನಗುತ್ತಲೇ ಹೇಳಿದ. ನಮಗೆ ನಗು ಬರಲಿಲ್ಲ. ಏಕೆಂದರೆ ಅವನಿಗೆ ವಿಜ್ಞಾನ ಪಾಠ ಮಾಡಿದವರು ನಾವೇ.

ಗಾಳಿ ಸಾಲದೆ ಉರಿಯುವ ಇದ್ದಿಲು, ಸೌದೆ, ಗ್ಯಾಸ್ ಎಲ್ಲವೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತವೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಬಲದಿಂದ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಂತಿ, ಆಮೇಲೆ ಮಂಪರು. ನಿದ್ದೆ ಬಂತೆಂದು ಮಲಗಿದವರು ಏಳುವುದೇ ಇಲ್ಲ. ಪರೀಕ್ಷೆಯಲ್ಲಿ ಇದನ್ನು ಎರಡು ಅಂಕಕ್ಕೆ ಬರೆದವನೇ ಕೆಂಡವನ್ನು ಹಾಸಿಗೆಯ ಪಕ್ಕಕ್ಕೆ ತಂದುಕೊಂಡ ಎಂದರೆ, ಪಾಠ ಪುಸ್ತಕದಲ್ಲೇ ಉಳಿಯಿತು ಎಂದರ್ಥ.

“ನಮ್ಮ ಅಜ್ಜಿ ಅಗ್ಗಿಷ್ಟಿಕೆ ಪಕ್ಕದಲ್ಲೇ ಮಲಗುತ್ತಿದ್ದಳು, ಏನೂ ಆಗಲಿಲ್ಲವಲ್ಲ” ಎಂದು ಕೇಳುವವರಿದ್ದಾರೆ. ನಿಜ. ಆದರೆ ಅಜ್ಜಿಯದು ಹೆಂಚಿನ ಮನೆ. ಹೆಂಚಿನ ಸಂದಿ, ಗೋಡೆಯ ಮೇಲಿನ ತೆರವು, ಬಾಗಿಲ ಬಿರುಕು ಎಲ್ಲದರಿಂದಲೂ ಗಾಳಿ ಆಡುತ್ತಿತ್ತು. ಈಗಿನದು ತಾರಸಿ ಮನೆ, ಗಾಜಿನ ಕಿಟಕಿ. ಮನೆ ಬದಲಾಯಿತು, ಅಭ್ಯಾಸ ಬದಲಾಗಲಿಲ್ಲ. ಅಪಾಯ ಇರುವುದು ಅಲ್ಲಿ. ಅಜ್ಜಿಯ ಕಾಲದಲ್ಲೂ ಆಗಬಾರದ್ದು ಆಗಿರಲಿಕ್ಕಿಲ್ಲ ಎಂದು ನಾವು ಹೇಳುವುದಿಲ್ಲ.

ಈಗ ಹೀಟರಿನ ವಿಷಯ. ರೆಸಾರ್ಟಿನಲ್ಲಿ ಕಂಡದ್ದನ್ನು ಮನೆ ಮುಂದೆಯೂ ಇಡೋಣ ಎನ್ನುವವರು ನಮ್ಮ ಊರುಗಳಲ್ಲೂ ಹುಟ್ಟಿಕೊಂಡಿದ್ದಾರೆ. ಕೊಳ್ಳುವ ಮುಂಚೆ ಲೆಕ್ಕ ಹಾಕಿ. ಕೊಡೆಯಾಕಾರದ ದೊಡ್ಡ ಗ್ಯಾಸ್ ಹೀಟರ್ ಸುಮಾರು 13 ಕಿಲೋವ್ಯಾಟಿನದು. ಪೂರ್ತಿ ಹಚ್ಚಿದರೆ ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಗ್ಯಾಸು. ಮನೆಯ 14.2 ಕಿಲೋ ಸಿಲಿಂಡರು ದಿನಕ್ಕೆ ನಾಲ್ಕು ಗಂಟೆಯಂತೆ ನಾಲ್ಕು ದಿನವೂ ಬರುವುದಿಲ್ಲ. ಹೋಟೆಲಿನವರು ಮನೆಯ ಸಿಲಿಂಡರು ಬಳಸುವುದು ಕಾನೂನಿಗೆ ವಿರುದ್ಧ, ಅವರಿಗೆ 19 ಕಿಲೋದ್ದು ಬೇರೆಯೇ ಇದೆ. ವಿದ್ಯುತ್ತಿನ 2,000 ವ್ಯಾಟ್ ಹೀಟರಿಗೆ ಗಂಟೆಗೆ 2 ಯೂನಿಟ್. ಅದರ ಶಾಖ ನೇರವಾಗಿ ಮೈಗೆ ತಾಗುತ್ತದೆ, ಹೊಗೆಯಿಲ್ಲ. ಜಗಲಿಗೆ ಒಂದು ಬೇಕೇ ಬೇಕು ಎನ್ನುವವರಿಗೆ ಗೋಡೆಗೆ ಬಿಗಿಯುವ ವಿದ್ಯುತ್ತಿನದೇ ವಾಸಿ ಎಂದು ನಮ್ಮ ಅಭಿಪ್ರಾಯ. ಆದರೆ ನೀರು ಸಿಡಿದರೂ ತಡೆಯುವಂಥದ್ದೇ ಆಗಿರಬೇಕು, 16 ಆಂಪಿಯರ್ ಸಾಕೆಟ್ಟಿಗೇ ಹಾಕಬೇಕು. ಟಿವಿಯ ಎಕ್ಸ್‌ಟೆನ್ಶನ್ ವೈರಿಗೆ ಸಿಕ್ಕಿಸಿದರೆ ವೈರೇ ಹೀಟರಾಗುತ್ತದೆ.

ಗ್ಯಾಸಿನದನ್ನೇ ಕೊಳ್ಳುವುದಾದರೆ ಎರಡು ಗುಣ ನೋಡಿ. ಉರಿ ಆರಿದರೆ ಗ್ಯಾಸು ತಾನಾಗಿ ನಿಲ್ಲಬೇಕು. ವಾಲಿದರೂ ನಿಲ್ಲಬೇಕು. ಇವೆರಡೂ ಇಲ್ಲದ್ದು ಎಷ್ಟು ಅಗ್ಗವಾದರೂ ಬೇಡ. ರೆಸಾರ್ಟಿನವರು ಬಿಸಾಡಿದ ಹಳೆಯದನ್ನಂತೂ ಮುಟ್ಟಲೇಬೇಡಿ.

ಹಚ್ಚುವ ಹುಡುಗರಿಗೆ ನಾಲ್ಕು ಮಾತು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಪೈಪು, ರೆಗ್ಯುಲೇಟರ್ ಕೂಡುವಲ್ಲಿ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಬಂದರೆ ಸೋರುತ್ತಿದೆ, ಹಚ್ಚಬೇಡಿ. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ವಾಸನೆ ಬಂದ ಕಡೆ ಕಡ್ಡಿ ಗೀರಬೇಡಿ, ಸ್ವಿಚ್ಚು ಒತ್ತಬೇಡಿ. ದೂರ ಹೋಗಿ 1906ಕ್ಕೆ ಫೋನು ಮಾಡಿ. ಉರಿಯುತ್ತಿರುವ ಹೀಟರನ್ನು ಎಳೆದುಕೊಂಡು ಹೋಗಬೇಡಿ. ಚಳಿಗೆ ಉರಿ ಕುಗ್ಗಿತೆಂದು ಸಿಲಿಂಡರನ್ನು ಮಲಗಿಸುವುದು, ಬಿಸಿನೀರು ಸುರಿಯುವುದು ಬೇಡ. ಚಳಿಯಲ್ಲಿ ಗ್ಯಾಸಿನ ಒತ್ತಡ ಇಳಿಯುವುದು ಸಹಜ. ಶಾಮಿಯಾನದ ಬಟ್ಟೆಯ ಕೆಳಗೆ ಇಡಲೇಬೇಡಿ. ಸುತ್ತ ಪರದೆ ಕಟ್ಟಿದ ಶಾಮಿಯಾನವೂ ಕೋಣೆಯೇ ಎಂಬುದು ನೆನಪಿರಲಿ.

ಯಾರಿಗಾದರೂ ತಲೆ ಸುತ್ತಿದರೆ ಮೊದಲು ಬಯಲಿಗೆ ಕರೆತನ್ನಿ, ಆಮೇಲೆ 108. “ಸ್ವಲ್ಪ ಮಲಗಿದರೆ ಸರಿಹೋಗುತ್ತೆ” ಎನ್ನಬೇಡಿ.

ಇಷ್ಟೆಲ್ಲ ಹೀಟರಿನ ಜೊತೆ ಬರುವ ಪುಸ್ತಿಕೆಯಲ್ಲೂ ಇರುತ್ತದೆಯಲ್ಲ ಎನ್ನಬಹುದು. ಆ ಹುಡುಗ ತೋರಿಸಿದ ಪುಸ್ತಿಕೆ ಇಂಗ್ಲಿಷಿನದು. ಓದಲು ಬರುತ್ತದೆ, ಅರ್ಥವಾಗುವುದು ಅರ್ಧ. ಗಡಿಯಾಚೆಯ ಕನ್ನಡ ಶಾಲೆಗಳ ಬಗ್ಗೆ ಮಾತು ಬಂದಾಗಲೆಲ್ಲ ನಾವು ಭಾಷೆ ಉಳಿಯಬೇಕು ಎನ್ನುತ್ತೇವೆ. ಭಾಷೆ ಉಳಿಯಬೇಕಾದರೆ ಮಕ್ಕಳ ಜೀವ ಉಳಿಸುವ ಮಾತನ್ನೂ ಅದರಲ್ಲಿ ಹೇಳಬೇಕು. ಹತ್ತನೆಯ ತರಗತಿ ದಾಟಿ ಬೆಟ್ಟ ಹತ್ತುವ ಪ್ರತಿಯೊಬ್ಬ ಹುಡುಗನಿಗೂ ಈ ವಿಷಯವನ್ನು ಅವನ ಮಾತಿನಲ್ಲೇ, ಕೆಂಡದ ಮುಂದೆ ನಿಲ್ಲಿಸಿ ಹೇಳಿಕೊಡುವುದು ನಮ್ಮ ಕೆಲಸ. ಈ ವರ್ಷ ನಾವು ಆ ಪಾಠವನ್ನು ಶಾಲೆಯ ಅಂಗಳದಲ್ಲೇ ಮಾಡಲಿದ್ದೇವೆ.

ಪ್ಯಾರಿಸ್ಸಿನ ಹೋಟೆಲುಗಳ ಹೊರಗೆ ಇಂಥ ಹೀಟರುಗಳ ಸಾಲೇ ಇರುತ್ತಿತ್ತು. ಬಯಲು ಕಾಯಿಸುವುದು ಇಂಧನದ ದಂಡ ಎಂದು ಫ್ರಾನ್ಸ್ ದೇಶ 2022ರ ಮಾರ್ಚ್ ಕೊನೆಯಿಂದ ಅದನ್ನು ನಿಷೇಧಿಸಿತು. ನಮ್ಮ ಹಿರಿಯರಿಗೆ ಕಂಬಳಿಯೇ ಸಾಕಾಗಿತ್ತು. ನಮ್ಮ ಮನೆಗಳಿಗೂ ಅದೇ ಸಾಕು. ಬೆಂಕಿ ಕಾಯಿಸಲೇಬೇಕೆನಿಸಿದರೆ ಅಂಗಳಕ್ಕೆ ಬನ್ನಿ, ಸುತ್ತ ಕೂತು ನಾಲ್ಕು ಮಾತಾಡಿ, ಏಳುವಾಗ ನೀರು ಹಾಕಿ ಆರಿಸಿ. ಕೆಂಡ ಮಾತ್ರ ಹೊಸ್ತಿಲು ದಾಟಿ ಒಳಗೆ ಬರಬಾರದು.

ಬೆಟ್ಟದ ಮೇಲೆ ಕೆಲಸಕ್ಕಿರುವ ಮಗ, ತಮ್ಮ, ಅಳಿಯ ಯಾರಾದರೂ ಇದ್ದರೆ ಇವತ್ತೇ ಫೋನು ಮಾಡಿ ಹೇಳಿ.